ಪ್ಯಾಂಡಮೋನಿಯಂ

ಕನ್ನಡದಲ್ಲಿ ಸದ್ದಿಗೆ ಹೆಸರುಗಳು ಹಲವು. ಮೆಲ್ಲನೆಯದು ಸಪ್ಪಳ, ಹಲವರು ಒಟ್ಟಿಗೆ ಮಾತನಾಡಿದರೆ ಗದ್ದಲ, ಅದಕ್ಕೆ ಜಗಳವೂ ಸೇರಿದರೆ ಗಲಾಟೆ, ಯಾರ ಮಾತೂ ಯಾರಿಗೂ ಕೇಳಿಸದಂತಾದರೆ ಕೋಲಾಹಲ. ಈ ಕೊನೆಯ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಪ್ಯಾಂಡಮೋನಿಯಂ’ ಎಂಬ ಪದವುಂಟು. ಶಾಸನಸಭೆಯ ಕಲಾಪವು ಕೂಗಾಟದಲ್ಲಿ ಮುಳುಗಿದಾಗ ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ಬಳಸುತ್ತವೆ.

ಪದಗಳು ಸಾಮಾನ್ಯವಾಗಿ ಜನರ ಬಾಯಲ್ಲಿ ಹುಟ್ಟುತ್ತವೆ. ಅವನ್ನು ಮೊದಲು ನುಡಿದವರು ಯಾರೆಂದು ತಿಳಿಯುವುದಿಲ್ಲ. ಈ ಪದದ ಜನಕನಾದರೋ ಆಂಗ್ಲಕವಿ ಜಾನ್ ಮಿಲ್ಟನ್. 1652ರ ವೇಳೆಗೆ ಪೂರ್ಣವಾಗಿ ಕಣ್ಣು ಕಳೆದುಕೊಂಡಿದ್ದ ಆತನು ‘ಪ್ಯಾರಡೈಸ್ ಲಾಸ್ಟ್’ ಎಂಬ ಮಹಾಕಾವ್ಯವನ್ನು ತಾನು ಹೇಳಿ ಇತರರಿಂದ ಬರೆಯಿಸಿದನು. ಅದು 1667ರಲ್ಲಿ ಪ್ರಕಟವಾಯಿತು. ದೇವರ ಮೇಲೆ ದಂಗೆಯೆದ್ದು ನರಕಕ್ಕೆ ಬಿದ್ದ ಸೈತಾನನ ಪರಿವಾರವು ಸಭೆ ಸೇರಲು ಕಟ್ಟಿಕೊಂಡ ಅರಮನೆಗೆ ಕವಿ ಇಟ್ಟ ಹೆಸರೇ ಪ್ಯಾಂಡಮೋನಿಯಂ. ಗ್ರೀಕ್ ಭಾಷೆಯಲ್ಲಿ ‘ಪ್ಯಾನ್’ ಎಂದರೆ ಎಲ್ಲ. ‘ಡೈಮೋನ್’ ಎಂದರೆ ದೈವ ಅಥವಾ ಭೂತ. ಎಲ್ಲ ಪಿಶಾಚಿಗಳ ನೆಲೆ ಎಂಬುದು ಒಟ್ಟರ್ಥ. ಸ್ಥಳದ ಹೆಸರಾಗಿದ್ದ ಪದವು ಕ್ರಮೇಣ ದುಷ್ಟರ ಬೀಡು ಎಂಬ ಅರ್ಥವನ್ನು ಪಡೆದು, 19ನೆಯ ಶತಮಾನದಲ್ಲಿ ಹದ್ದುಮೀರಿದ ಗದ್ದಲವನ್ನು ಸೂಚಿಸತೊಡಗಿತು.

ಹೀಗೆ ಅರ್ಥ ಬದಲಿಸಿದ ಪದಗಳು ನಮ್ಮಲ್ಲಿಯೂ ಇವೆ. ಸಂಸ್ಕೃತದ ‘ಆಡಂಬರ’ವು ಮೊದಲು ಒಂದು ಬಗೆಯ ಭೇರಿಯ ಹೆಸರು. ವಾದ್ಯಘೋಷವನ್ನೂ ಆನೆಯ ಘೀಂಕಾರವನ್ನೂ ಅದು ಸೂಚಿಸುತ್ತಿತ್ತು. ಇಂದು ಕನ್ನಡದಲ್ಲಿ ಅದಕ್ಕೆ ಬರಿಯ ಡಂಭವೆಂದು ಅರ್ಥ.

ಆದರೆ ಜೋರಾದ ಸದ್ದೆಲ್ಲವೂ ಕೋಲಾಹಲವಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿ ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. 1971ರ ಖೆಡ್ಡಾವೇ ಕೊನೆಯದು. ಅಲ್ಲಿ ತಮಟೆಯ ಬಡಿತ, ಕೂಗು, ಕೋವಿಯ ಸದ್ದು ಎಲ್ಲವೂ ಇದ್ದವು. ಆದರೆ ಅವು ಹಿಂಡಿನ ಹಿಂದೆ ಮತ್ತು ಪಕ್ಕಗಳಲ್ಲಿ ಮಾತ್ರ. ಮುಂದಿನ ದಿಕ್ಕನ್ನು ನಿಶ್ಶಬ್ದವಾಗಿ ಬಿಡುತ್ತಿದ್ದರು. ಆನೆಗಳು ಸದ್ದಿಗೆ ಬೆದರಿ ಆ ಕಡೆಗೇ ಸಾಗಿ, ಕಬಿನಿ ನದಿಯನ್ನು ದಾಟಿ, ದಿಮ್ಮಿಗಳ ಆವರಣವನ್ನು ಹೊಗುತ್ತಿದ್ದವು. ನಿಶ್ಶಬ್ದದ ಆ ದಾರಿಯ ಕೊನೆಯಲ್ಲಿ ಅವುಗಳಿಗೆ ಕಾದಿದ್ದುದು ಸೆರೆ ಎಂಬುದನ್ನೂ ಮರೆಯಲಾಗದು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನ ಹೊಲಗಳಿಗೆ ಇಂದಿಗೂ ಆನೆಗಳು ಬರುತ್ತವೆ. ಒಂದೇ ರಾತ್ರಿಯಲ್ಲಿ ರೈತನ ವರ್ಷದ ಅನ್ನ ಮಣ್ಣುಪಾಲಾಗುವುದುಂಟು. ಅರಣ್ಯ ಇಲಾಖೆಯ ಸಿಬ್ಬಂದಿ ಪಟಾಕಿ ಸಿಡಿಸಿ ಅವನ್ನು ಕಾಡಿನತ್ತ ಅಟ್ಟುತ್ತಾರೆ. ಇದು ಗುರಿಯುಳ್ಳ ಸದ್ದು. ಆದರೆ ನೋಡಲು ನೆರೆದ ಜನರು ಸುತ್ತಲೂ ನಿಂತು ಕಿರುಚಿದರೆ ಆನೆಗೆ ಕಾಡಿನ ದಾರಿಯೇ ಮುಚ್ಚಿಹೋಗುತ್ತದೆ. ಗಾಬರಿಗೊಂಡ ಅದು ಜನರತ್ತಲೇ ನುಗ್ಗಬಹುದು, ಪ್ರಾಣಹಾನಿಯಾಗಬಹುದು.

ಮಿಲ್ಟನ್ ಕಟ್ಟಿದ ಪದದಲ್ಲಿರುವ ‘ಎಲ್ಲ’ ಎಂಬ ಅಂಶಕ್ಕೆ ಇಲ್ಲಿ ಹೊಸ ಅರ್ಥ ಹೊಳೆಯುತ್ತದೆ. ಎಲ್ಲರೂ ಎಲ್ಲ ಕಡೆಯಿಂದಲೂ ಕೂಗಿದಾಗ ಆನೆಗೆ ದಾರಿಯಿಲ್ಲ. ಸಭೆಯಲ್ಲಾದರೆ ಮಾತಿಗೆ ದಾರಿಯಿಲ್ಲ. ಕೂಗುವ ಬಾಯಿಗಳ ನಡುವೆ ಸುಮ್ಮನಿದ್ದು ದಾರಿ ಬಿಡುವವರೂ ಬೇಕು.