ಪಾಠಕ್ಕೊಂದು ಹೊತ್ತು ಗೊತ್ತು ಮಾಡು

ಪುಟ್ಟಿ,

ನೀನು ಕಳಿಸಿದ ಎಕ್ಸೆಲ್ ಹಾಳೆ ನೋಡಿದೆ. ಜಿಮ್ಮು, ಅಡುಗೆ, ರಾತ್ರಿ ಅಮೆರಿಕದವರ ಕಾಲ್, ಎಲ್ಲಕ್ಕೂ ಗಟ್ಟಿ ಜಾಗ ಇದೆ. ಸಂಗೀತದ ಮುಂದೆ ಮಾತ್ರ ಪ್ರಶ್ನೆಯ ಗುರುತು ಹಾಕಿದ್ದೀ. ಅದಕ್ಕೊಂದಕ್ಕೇ ಯಾಕವ್ವಾ ಆ ಶಿಕ್ಷೆ? ಆನ್‌ಲೈನ್ ಕ್ಲಾಸಾದರೆ ಬೇಕೆಂದಾಗ ಮುಂದೂಡಬಹುದು, ಮನೆ ಹತ್ತಿರದ ಗುರುಗಳು ಮಂಗಳವಾರ, ಶುಕ್ರವಾರ ಸಂಜೆ ಏಳಕ್ಕೇ ಬಾ ಅನ್ನುತ್ತಾರೆ, ಯಾವುದು ಚಲೋ ಅಂತ ಕೇಳಿದ್ದೀ. ನನ್ನ ಕೇಳಿದರೆ ಗುರುಗಳು ಗೊತ್ತು ಮಾಡಿದ ಹೊತ್ತೇ ಚಲೋ. ನಿನ್ನಂತೆ ಕೇಳುವವರು ಈಗ ಬಹಳ ಮಂದಿ, ಅದಕ್ಕೇ ಪತ್ರಿಕೆಗೇ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ನಾನು ಕಲಿಯುವಾಗ ಗುರುಗಳು ಹೇಳಿದ್ದೇ ವೇಳೆ. ಸಾಲಿಯ ನೌಕರಿ ಮುಗಿಸಿ ಬಂದು, ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟು, ನಿನ್ನ ಅಜ್ಜಿಗೆ ‘ಪಲ್ಯ ನೋಡ್ತಿರ್ರಿ’ ಅಂದು ಹೊರಟುಬಿಡುತ್ತಿದ್ದೆ. ಅಜ್ಜಿ ಗೊಣಗುತ್ತಿದ್ದರು, ಪಲ್ಯ ಮಾತ್ರ ಎಂದೂ ಹತ್ತಲಿಲ್ಲ. ಅಲ್ಲಿ ಹೋದ ಕೂಡಲೇ ಪಾಠ ಶುರುವಾಗುತ್ತಿರಲಿಲ್ಲ. ಮೊದಲು ತಂಬೂರಿ ಶ್ರುತಿಗೆ ಬರಬೇಕು. ಕುದುರೆಯ ಮೇಲೆ ತಂತಿಯ ಕೆಳಗಿರುವ ನೂಲೆಳೆಯನ್ನು ಗುರುಗಳು ಚೂರು ಹಿಂದೆ, ಚೂರು ಮುಂದೆ ಸರಿಸುತ್ತ, ನಾದ ತುಂಬಿಕೊಳ್ಳುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಹಿರಿಯ ವಿದ್ಯಾರ್ಥಿಗಳ ಸರದಿ. ನಾವು ಜಮಖಾನೆಯ ಮೇಲೆ ಕೂತು ಕೇಳಬೇಕು. ಒಂದು ಸಂಜೆ ಒಬ್ಬಾಕೆಗೆ ಯಮನ್‌ನ ತೀವ್ರ ಮಧ್ಯಮ ಸ್ವಲ್ಪ ಇಳಿದೇ ನಿಲ್ಲುತ್ತಿತ್ತು. ಗುರುಗಳು ಮುಂದೆ ಹೋಗಗೊಡಲಿಲ್ಲ, ಅದನ್ನೇ ಹಾಡಿಸಿದರು, ಅದನ್ನೇ ಹಾಡಿಸಿದರು. ನನ್ನ ಸರದಿ ಬಂದಾಗ ನನಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಕಿವಿ ಆಗಲೇ ಕಲಿತುಬಿಟ್ಟಿತ್ತು. ಪಾಠ ಸಂಜೆಯದಾದ್ದರಿಂದ ಯಮನ್, ಭೂಪ, ಪೂರಿಯಾ ಸಿಕ್ಕವು. ಭೈರವ, ತೋಡಿ ಕಲಿಯಬೇಕಾದಾಗ ರವಿವಾರ ಮುಂಜಾನೆ ಬಾ ಅನ್ನುತ್ತಿದ್ದರು. ನಮ್ಮ ರಾಗಗಳಿಗೇ ಹೊತ್ತಿನ ಕಟ್ಟುಪಾಡಿರುವಾಗ ಕಲಿಯುವವರಿಗೆ ಇರಬಾರದೇನು?

ಗಂಗೂಬಾಯಿ ಹಾನಗಲ್ಲರ ವಿಷಯ ನಿನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹುಬ್ಬಳ್ಳಿಯ ಮೊಮ್ಮಗಳು ಅಂತ ಹೇಳಿಕೊಳ್ಳಬೇಡ. 1913ರಲ್ಲಿ ಹುಟ್ಟಿದವರು. ಮನೆ, ಮಕ್ಕಳು ಎಲ್ಲ ಇದ್ದಾಗಲೇ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಭೀಮಸೇನ ಜೋಶಿಯವರೂ ಅದೇ ಮನೆಯ ಶಿಷ್ಯರು. ರೈಲು ಯಾರ ಅನುಕೂಲವನ್ನೂ ಕೇಳುವುದಿಲ್ಲ. ತಪ್ಪಿದರೆ ಆ ದಿನದ ಪಾಠ ತಪ್ಪಿದಂತೆಯೇ.

ನಿನಗೆ ಮುಂದೂಡುವ ಬಟನ್ ಇದೆ. ಅದೇ ನನ್ನ ಚಿಂತೆ. ಈ ವಾರ ರಿಲೀಸು, ಮುಂದಿನ ವಾರ ಗೆಳತಿಯ ಮದುವೆ, ಅದರಾಚೆ ನೆಗಡಿ. ಮೇಲಾಗಿ ಆನ್‌ಲೈನಿನಲ್ಲಿ ಧ್ವನಿ ತಡವಾಗಿ ಮುಟ್ಟುತ್ತದೆ, ಗುರು ಶಿಷ್ಯರು ಒಟ್ಟಿಗೆ ಹಾಡಲಾಗುವುದಿಲ್ಲ, ಅತ್ತ ತಬಲಾ ಬಾರಿಸಿದರೆ ಇತ್ತ ತಾಳದ ಸಮ್ ಜಾರಿರುತ್ತದೆ. ಅವರು ಹಾಡಿ ನಿಲ್ಲಿಸಬೇಕು, ಆಮೇಲೆ ನೀನು. ಗುರುವಿನ ದನಿಯೊಳಗೆ ದನಿ ಸೇರಿಸಿ ಕಲಿಯುವುದು ಅಲ್ಲಿ ಎಲ್ಲಿಂದ ಬರಬೇಕು? ಸಂಗೀತ ಬೇಕೋ, ಸಂಗೀತ ಕಲಿಯುತ್ತಿದ್ದೇನೆ ಅಂತ ಹೇಳಿಕೊಳ್ಳುವುದು ಬೇಕೋ, ಅದನ್ನು ಮೊದಲು ಗಟ್ಟಿ ಮಾಡಿಕೋ.

ಬೈದಳು ಅಂತ ಮುಖ ಉಬ್ಬಿಸಬೇಡ. ದಿನವಿಡೀ ಮಾತಾಡಿ ಗಂಟಲು ಸೋತಿರುತ್ತದೆ, ಮೆಟ್ರೋದಲ್ಲಿ ನಿಂತೇ ಬರುತ್ತೀ, ಎಲ್ಲ ಗೊತ್ತು. ನಿನ್ನ ಅಕ್ಕನ ಮದುವೆಯಲ್ಲಿ ನೀನು ಹಾಡಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ದನಿ ಸುಮ್ಮನೆ ಹಾಳಾಗಬಾರದು ಅಂತಲೇ ಇಷ್ಟೆಲ್ಲ. ಹೀಗೆ ಮಾಡಿ ನೋಡು. ಪಾಠಕ್ಕಿಂತ ಮೊದಲು ರಿಯಾಜಿನ ಹೊತ್ತು ಗೊತ್ತು ಮಾಡು. ಮುಂಜಾನೆ ಎದ್ದು, ಫೋನಿನಲ್ಲಿ ಬೇರೇನೂ ನೋಡದೆ ತಂಬೂರಿ ಆ್ಯಪ್ ಹಚ್ಚಿ, ಅರ್ಧ ತಾಸು ಖರಜದ ತಗ್ಗು ಸ್ವರಗಳನ್ನೂ ಪಲ್ಟಾದ ಸ್ವರಸಾಲುಗಳನ್ನೂ ಹಾಡು. ಅದು ಕೂತರೆ ಪಾಠದ ದಿನ ತಾನೇ ಕೂಡುತ್ತದೆ. ಮಂಗಳವಾರ ಕಲಿತದ್ದು ಗಂಟಲಿಗೆ ಇಳಿಯಲು ಶುಕ್ರವಾರದ ತನಕ ಸಮಯ ಸಿಗುತ್ತದೆ, ಮರೆಯುವಷ್ಟು ಸಿಗುವುದಿಲ್ಲ. ವಾರಕ್ಕೊಂದೇ ದೊಡ್ಡ ಕ್ಲಾಸಾದರೆ ಆ ಅನುಕೂಲ ಇಲ್ಲ. ಹೊಟ್ಟೆ ತುಂಬ ಉಂಡು ಹಾಡಲು ಕೂಡಬೇಡ, ಊಟ ಪಾಠದಿಂದ ಬಂದ ಮೇಲೆಯೇ ಇರಲಿ. ರಿಯಾಜು ಆಗದ ದಿನ ನಾಚಿಕೊಂಡು ತಪ್ಪಿಸಬೇಡ, ಹೋಗಿ ಕೂತು ಕೇಳು. ಪರವೂರಿಗೆ ಹೋದಾಗ ಬೇಕಾದರೆ ಆನ್‌ಲೈನ್ ಇರಲಿ, ನಾನೇನು ಬೇಡ ಅನ್ನುವುದಿಲ್ಲ.

ದಸರೆಗೆ ಬೆಂಗಳೂರಿಗೆ ಬರುವವಳಿದ್ದೇನೆ. ನಡುವೆ ಶುಕ್ರವಾರ ಬಂದರೆ ನಾನೂ ನಿನ್ನ ಜೊತೆ ಪಾಠಕ್ಕೆ ಬಂದು ಹಿಂದೆ ಕೂಡುತ್ತೇನೆ. ನಡೆಯುತ್ತದೋ ಇಲ್ಲವೋ ಗುರುಗಳನ್ನು ಮೊದಲೇ ಕೇಳಿಡು.

ನಿನ್ನ,
ದೊಡ್ಡವ್ವ