ಕಂಡವರ ಹೊಣೆ

ಕಣ್ಣಿಗೆ ಕಂಡುದೆಲ್ಲವೂ ದಿಟವಾಗಿರಲಾರದು. ಕಂಡುದನ್ನು ಮತ್ತೊಬ್ಬರಿಗೆ ಹೇಳುವಾಗ ನಾವು ಕೂಡಿಸಿದ ಮಾತಿನಿಂದಲೂ ಬಿಟ್ಟ ಮಾತಿನಿಂದಲೂ ದಿಟವು ಮತ್ತಷ್ಟು ಕೆಡುವುದು. ನುಡಿ ಹೇಗಿರಬೇಕೆಂಬುದನ್ನು ಬಸವಣ್ಣನವರು ವಿಧಿಸಿದ ವಚನವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆ ಬೋಧೆಯು ಪೂಜಾಗೃಹಕ್ಕೆ ಮಾತ್ರ ಸಲ್ಲುವುದೋ, ಬೀದಿಗೂ ಸಲ್ಲುವುದೋ? ಬೀದಿಯ ಒಂದು ಪ್ರಸಂಗವನ್ನು ಹಿಡಿದು ಇದನ್ನು ವಿಚಾರಿಸೋಣ. ಬಾಲಕನೊಬ್ಬನು ನಿಜವಾದ ಬಂದೂಕನ್ನೇ ಹೋಲುವ ಆಟಿಕೆಯನ್ನು ಹಿಡಿದು ಸಾರ್ವಜನಿಕ ಸ್ಥಳದಲ್ಲಿ ನಿಂತಿದ್ದಾನೆ. ಅದನ್ನು ಕಂಡವರ ಕರ್ತವ್ಯವೇನು?

ಹಿಂದೆ ಮಕ್ಕಳ ಆಯುಧವೆಂದರೆ ಮರದ ಕತ್ತಿ, ರಟ್ಟಿನ ಗದೆ, ದೀಪಾವಳಿಯ ಕೇಪಿನ ಪಿಸ್ತೂಲು. ದೂರದಿಂದ ನೋಡಿದರೂ ಅವು ಆಟಿಕೆಗಳೆಂದು ತಿಳಿಯುತ್ತಿದ್ದಿತು. ಈಗಿನ ಏರ್‌ಸಾಫ್ಟ್ ಎಂಬ ಆಟದ ಬಂದೂಕುಗಳು ಹಾಗಲ್ಲ. ಅವು ಹಾರಿಸುವುದು ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳನ್ನು. ಆದರೆ ಅಳತೆ, ಬಣ್ಣ, ಆಕಾರಗಳಲ್ಲಿ ನಿಜವಾದುದನ್ನೇ ಹೋಲುತ್ತವೆ. ಇದರಿಂದೊದಗುವ ಅಪಾಯವನ್ನರಿತು ಅಮೆರಿಕಾ ದೇಶವು 1988ರಲ್ಲಿ ಕಾನೂನೊಂದನ್ನು ಮಾಡಿ, ಆಟಿಕೆಯ ನಳಿಗೆಯ ತುದಿಗೆ ಕಿತ್ತಳೆ ಬಣ್ಣದ ಗುರುತಿರಬೇಕೆಂದು ವಿಧಿಸಿತು. ಆದರೆ ಆ ತುದಿ ಮುರಿಯಬಹುದು, ಮಕ್ಕಳೇ ಅದನ್ನು ಕಿತ್ತೆಸೆಯಬಹುದು. ಗುರುತು ಹೋದ ಮೇಲೆ ಉಳಿಯುವುದು ನೋಡುವವನ ವಿವೇಕವೊಂದೇ.

ಈ ವಿಷಯದಲ್ಲಿ ಜಗತ್ತು ಮರೆಯಲಾಗದ ದೃಷ್ಟಾಂತವೊಂದುಂಟು. 2014ನೆಯ ನವೆಂಬರ್ 22ರಂದು ಅಮೆರಿಕಾದ ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಕರಿಯ ಜನಾಂಗದ ಬಾಲಕನು ಉದ್ಯಾನವೊಂದರಲ್ಲಿ ಇಂತಹ ಆಟಿಕೆಯನ್ನು ಹಿಡಿದು ಆಡುತ್ತಿದ್ದನು. ಅದಕ್ಕೆ ಕಿತ್ತಳೆಯ ತುದಿ ಇರಲಿಲ್ಲ. ಅದನ್ನು ಕಂಡ ಒಬ್ಬಾತನು ಪೊಲೀಸರಿಗೆ ದೂರವಾಣಿ ಮಾಡಿದನು. ಅದು ಬಹುಶಃ ನಕಲಿಯೆಂದೂ, ಹಿಡಿದಿರುವವನು ಬಹುಶಃ ಎಳೆಯನೆಂದೂ ಆತನು ತಿಳಿಸಿದನು. ಕರೆಯನ್ನು ಕೇಳಿಸಿಕೊಂಡವರಿಂದ ಈ ಎರಡು ಮಾತುಗಳು ಸ್ಥಳಕ್ಕೆ ಧಾವಿಸಿದ ಪೊಲೀಸರಿಗೆ ಮುಟ್ಟಲೇ ಇಲ್ಲ. ಬಂದೂಕು ಹಿಡಿದವನೊಬ್ಬನಿದ್ದಾನೆಂಬ ಮಾತು ಮಾತ್ರ ಮುಟ್ಟಿತು. ಪೊಲೀಸರ ವಾಹನವು ಹುಲ್ಲಿನ ಮೇಲೆಯೇ ಸಾಗಿ ಬಾಲಕನ ಸಮೀಪದಲ್ಲಿ ಬಂದು ನಿಂತಿತು. ಎರಡು ಸೆಕೆಂಡುಗಳೊಳಗಾಗಿ ಗುಂಡು ಹಾರಿತು. ಮರುದಿನ ಬಾಲಕನು ಅಸುನೀಗಿದನು.

2015ರ ಡಿಸೆಂಬರಿನಲ್ಲಿ ಅಲ್ಲಿಯ ಗ್ರ್ಯಾಂಡ್ ಜ್ಯೂರಿಯು ಪೊಲೀಸರ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ. 2016ರಲ್ಲಿ ನಗರವು ಆ ಕುಟುಂಬಕ್ಕೆ 60 ಲಕ್ಷ ಡಾಲರುಗಳನ್ನು ಕೊಡಲೊಪ್ಪಿತು. ಕರೆಯನ್ನು ಸ್ವೀಕರಿಸಿದ್ದ ನೌಕರರನ್ನು 2017ರಲ್ಲಿ 8 ದಿನ ಕೆಲಸದಿಂದ ದೂರವಿರಿಸಲಾಯಿತು. ಹಣದಿಂದಾಗಲಿ ದಂಡನೆಯಿಂದಾಗಲಿ ತಾಯಿಗೆ ಮಗನು ಮರಳಿ ದೊರೆಯಲಿಲ್ಲ.

ಗುಂಡು ಹಾರಿಸಿದವರ ಹೊಣೆಯೇ ಇಲ್ಲಿ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮಂತಹ ಸಾಮಾನ್ಯರು ಕಲಿಯಬೇಕಾದುದು ಬೇರೆಡೆ ಇದೆ. ಆ ದಿನ ಕಳೆದುಹೋದುದು ‘ಬಹುಶಃ’ ಎಂಬ ಒಂದು ಪದ. ಭಯದ ಮಾತು ಬಾಯಿಂದ ಬಾಯಿಗೆ ಬೇಗ ದಾಟುವುದು. ಸಂದೇಹದ ಮಾತು ದಾರಿಯಲ್ಲಿಯೇ ಉದುರಿಹೋಗುವುದು. ಇನ್ನೊಂದು ವಿಷಯವೂ ಗಮನಾರ್ಹ. ಗುಂಡು ಹಾರಿದ ಬಳಿಕ ಪೊಲೀಸರು ತಮ್ಮ ಕಚೇರಿಗೆ ತಿಳಿಸುವಾಗ ಬಿದ್ದವನ ವಯಸ್ಸು ಸುಮಾರು 20 ಎಂದರು. ಹನ್ನೆರಡು ಇಪ್ಪತ್ತಾಯಿತು! ಕರಿಯ ಬಾಲಕರನ್ನು ಅವರ ವಯಸ್ಸಿಗಿಂತ ದೊಡ್ಡವರೆಂದು ಜನರು ಭಾವಿಸುತ್ತಾರೆಂದು 2014ರಲ್ಲಿಯೇ ಅಮೆರಿಕಾದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದು ತೋರಿಸಿದ್ದಿತು. ಹುಟ್ಟನ್ನೂ ಮೈಬಣ್ಣವನ್ನೂ ನೋಡಿ ಮನುಷ್ಯನನ್ನು ಅಳೆಯುವ ದೋಷವು ಕಣ್ಣನ್ನೂ ಕೆಡಿಸುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಹುಟ್ಟಿನ ಭೇದವನ್ನು ನಿರಾಕರಿಸಿದ ಶರಣರ ಅನುಯಾಯಿಗಳು ಇದನ್ನು ವಿಶೇಷವಾಗಿ ಮನನ ಮಾಡತಕ್ಕದ್ದು.

ಹಾಗಾದರೆ ಕಂಡವರು ಮಾಡಬೇಕಾದುದೇನು? ಮೊದಲನೆಯದು, ಸುರಕ್ಷಿತವಾದ ದೂರದಲ್ಲಿ ನಿಂತು ಚೆನ್ನಾಗಿ ನೋಡುವುದು. ಹಿಡಿದಿರುವವನು ಮಗುವೇ? ಜೊತೆಯಲ್ಲಿ ಆಡುವ ಮಕ್ಕಳಿದ್ದಾರೆಯೇ? ಯಾರ ಕಡೆಗಾದರೂ ಗುರಿಯಿಡುತ್ತಿದ್ದಾನೆಯೇ, ಸುಮ್ಮನೆ ಹಿಡಿದಿದ್ದಾನೆಯೇ? ತುದಿಯ ಬಣ್ಣ ಯಾವುದು? ಇಷ್ಟನ್ನು ನೋಡಲು ಅರೆನಿಮಿಷ ಸಾಕು.

ಎರಡನೆಯದು, ಮಗುವು ಪರಿಚಿತವಾಗಿದ್ದು ವಸ್ತುವು ಆಟಿಕೆಯೆಂದು ನಿಶ್ಚಯವಾಗಿದ್ದರೆ ಪೊಲೀಸರನ್ನು ಕರೆಯುವ ಅಗತ್ಯವೇ ಇಲ್ಲ. ಹಿರಿಯರು ಹೆಸರು ಹಿಡಿದು ಕರೆದು, “ಅಪ್ಪಾ, ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗು. ನೋಡಿದವರು ನಿಜವಾದುದೆಂದು ಹೆದರುತ್ತಾರೆ” ಎಂದು ಮೆಲ್ಲನೆ ಹೇಳಿದರೆ ಸಾಕು. ಗದರಿಸುವುದೂ, ಕೂಗಿ ಜನರನ್ನು ಸೇರಿಸುವುದೂ ಸಲ್ಲದು.

ಮೂರನೆಯದು, ನಿಶ್ಚಯವಿಲ್ಲದಿದ್ದಲ್ಲಿ ಬಳಿಗೆ ಹೋಗಿ ಕಸಿದುಕೊಳ್ಳುವ ಸಾಹಸ ಬೇಡ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ನಿಜವಾದ ಬಂದೂಕುಗಳಿರುವ ಮನೆಗಳುಂಟು. ಆಟಿಕೆಯನ್ನು ಬಂದೂಕೆಂದು ಭ್ರಮಿಸುವಂತೆಯೇ ಬಂದೂಕನ್ನು ಆಟಿಕೆಯೆಂದು ಭ್ರಮಿಸುವುದೂ ಸಾಧ್ಯ. ಆಗ ದೂರ ಸರಿದು, ಇತರರನ್ನೂ ಸರಿಸಿ, ನಮ್ಮಲ್ಲಿ 112ಕ್ಕೂ ಅಮೆರಿಕಾದಲ್ಲಿ 911ಕ್ಕೂ ದೂರವಾಣಿ ಮಾಡುವುದೇ ಯುಕ್ತ.

ನಾಲ್ಕನೆಯದು, ಹೇಳುವಾಗ ಸಂದೇಹವನ್ನೇ ಮೊದಲು ಹೇಳುವುದು. “ಹತ್ತು ಹನ್ನೆರಡು ವರ್ಷದ ಹುಡುಗನಂತೆ ಕಾಣುತ್ತಾನೆ, ಕೈಯಲ್ಲಿರುವುದು ಆಟಿಕೆಯಿರಬಹುದು, ಯಾರಿಗೂ ಗುರಿಯಿಟ್ಟಿಲ್ಲ” ಎಂಬುದು ಮೊದಲ ವಾಕ್ಯವಾಗಲಿ. ಸ್ಥಳ, ಉಡುಪುಗಳ ವಿವರ ಅನಂತರ ಬರಲಿ. ಕಂಡುದನ್ನು ಕಂಡುದೆಂದೂ ಊಹಿಸಿದುದನ್ನು ಊಹೆಯೆಂದೂ ಬೇರ್ಪಡಿಸಿ ಹೇಳಬೇಕು. ಕೇಳಿದವರು ಅದನ್ನು ಮರಳಿ ಹೇಳುವಂತೆ ಕೋರಿ, ಬರುವ ಪೊಲೀಸರಿಗೂ ಈ ಮಾತು ತಲುಪಲೆಂದು ಒತ್ತಿ ನುಡಿಯಬೇಕು. ಹುಡುಗನು ಆಟಿಕೆಯನ್ನು ಕೆಳಗಿಟ್ಟರೆ, ಅಥವಾ ಆಟಿಕೆಯೆಂದು ಖಚಿತವಾದರೆ, ಮತ್ತೊಮ್ಮೆ ಕರೆದು ತಿಳಿಸಬೇಕು. ಒಮ್ಮೆ ಹೇಳಿದೊಡನೆ ಹೊಣೆ ತೀರಲಿಲ್ಲ.

“ಅದು ನಿಜವಾದ ಬಂದೂಕೇ ಆಗಿದ್ದು, ನಮ್ಮ ಸಂದೇಹದ ಮಾತಿನಿಂದ ಪೊಲೀಸರು ಎಚ್ಚರ ತಪ್ಪಿದರೆ ಆ ಪಾಪ ಯಾರಿಗೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದರೆ ನಾವು ಬಂದೂಕನ್ನು ಮರೆಮಾಚಿ ಹೇಳಬೇಕೆನ್ನುತ್ತಿಲ್ಲ, ಸಂದೇಹವನ್ನು ಮರೆಮಾಚಬಾರದೆನ್ನುತ್ತಿದ್ದೇವೆ. ಎರಡನ್ನೂ ಕೇಳಿದ ಅಧಿಕಾರಿಯು ದೂರದಲ್ಲಿಯೇ ವಾಹನ ನಿಲ್ಲಿಸಿ, ಮರೆಯಲ್ಲಿ ನಿಂತು, ಕೂಗಿ ಮಾತನಾಡಿಸಬಲ್ಲನು. ಇದರಿಂದ ಅವನ ಜೀವಕ್ಕೂ ಮಗುವಿನ ಜೀವಕ್ಕೂ ಕಾಲಾವಕಾಶ ದೊರೆಯುವುದು. ಕ್ಲೀವ್‌ಲ್ಯಾಂಡಿನಲ್ಲಿ ಇಲ್ಲದೆ ಹೋದುದು ಆ ಕಾಲಾವಕಾಶವೇ.

ಮನೆಯ ಹಿರಿಯರಿಗೂ ಇದರಲ್ಲಿ ಪಾಲುಂಟು. ನಿಜವನ್ನೇ ಹೋಲುವ ಆಟಿಕೆಯನ್ನು ಕೊಳ್ಳದಿರುವುದು ಉತ್ತಮ. ಕೊಂಡರೆ ಅದು ಮನೆಯಂಗಳವನ್ನು ದಾಟದಿರಲಿ, ಅದರ ಗುರುತಿನ ಬಣ್ಣ ಅಳಿಯದಿರಲಿ. ಕ್ಲೀವ್‌ಲ್ಯಾಂಡಿನ ಘಟನೆಗೆ ಒಂದು ವರ್ಷ ಮುನ್ನ, 2013ರ ಅಕ್ಟೋಬರ್ 22ರಂದು, ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾದಲ್ಲಿ ಆ್ಯಂಡಿ ಲೋಪೆಜ್ ಎಂಬ 13 ವರ್ಷದ ಬಾಲಕನು ಇಂತಹುದೇ ಆಟಿಕೆಯನ್ನು ಹಿಡಿದು ನಡೆಯುತ್ತಿದ್ದಾಗ ಹಿಂದಿನಿಂದ ಪೊಲೀಸರು ಕೂಗಿದರು. ಅವನು ತಿರುಗುತ್ತಿದ್ದಂತೆ ಗುಂಡು ತಗುಲಿ ಮಡಿದನು. ಕರೆದ ದನಿಯತ್ತ ತಿರುಗುವುದು ಮಗುವಿಗೆ ಸಹಜ. ಆದುದರಿಂದ, ಪೊಲೀಸರು ಕೂಗಿದರೆ ಓಡಬಾರದು, ತಿರುಗಬಾರದು, ಅವರು ಹೇಳಿದಂತೆ ಕೈಯಲ್ಲಿರುವುದನ್ನು ಬಿಟ್ಟು ಬರಿಗೈಗಳನ್ನು ತೋರಿಸಬೇಕೆಂದು ಮಕ್ಕಳಿಗೆ ಕಲಿಸಿರಬೇಕು. ಅಮೆರಿಕಾದಲ್ಲಿ ನೆಲೆಸಿರುವ ಮಕ್ಕಳು ಮೊಮ್ಮಕ್ಕಳನ್ನುಳ್ಳ ನಮ್ಮ ಅನೇಕ ಸದ್ಭಕ್ತರಿಗೆ ಇದು ದೂರದ ಮಾತಲ್ಲ.

ದಯೆಯು ಧರ್ಮದ ಮೂಲವೆಂದು ನಾವು ದಿನವೂ ನೆನೆಯುತ್ತೇವೆ. ಅಂತಹ ದಯೆಯು ಕೆಲವೊಮ್ಮೆ ಅನ್ನವಾಗಿ, ಕೆಲವೊಮ್ಮೆ ಆಶ್ರಯವಾಗಿ ತೋರುವುದು. ಕೆಲವೊಮ್ಮೆ ಸರಿಯಾಗಿ ನೋಡಿ ಪೂರ್ಣವಾಗಿ ಹೇಳಿದ ಒಂದು ಮಾತಾಗಿ ತೋರುವುದು. ಅಪರಿಚಿತ ಮಗುವನ್ನು ಕಂಡಾಗ ಅದರ ಕೈಯ ಜೊತೆಗೆ ಮುಖವನ್ನೂ ನೋಡೋಣ. ನೋಡಿದುದನ್ನು ಹೆಚ್ಚಿಸದೆ, ಕುಂದಿಸದೆ ನುಡಿಯೋಣ.