ಹೆಪಟೈಟಿಸ್ ಸಿ: ಗುಣವಾದ ಮೇಲೂ ‘ಪಾಸಿಟಿವ್’ ಏಕೆ?



ಹೆಪಟೈಟಿಸ್ ಸಿ ರಕ್ತದ ಮೂಲಕ ಹರಡಿ ಲಿವರನ್ನು ಹಾಳುಮಾಡುವ ವೈರಸ್. ಹೆಚ್ಚಿನವರಿಗೆ ಕಣ್ಣು ಹಳದಿಯಾಗುವುದಿಲ್ಲ, ನೋವೂ ಇರುವುದಿಲ್ಲ. ಹತ್ತಿಪ್ಪತ್ತು ವರ್ಷಗಳ ನಂತರ ಹೊಟ್ಟೆಯಲ್ಲಿ ನೀರು ತುಂಬಿದಾಗಲೇ ತಿಳಿಯುವುದುಂಟು. ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ, ಅಂದರೆ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ ವರ್ಷ. ಅದಕ್ಕೂ ಮೊದಲು ಅಪಘಾತಕ್ಕೋ ಹೆರಿಗೆಗೋ ರಕ್ತ ಪಡೆದವರು, ಡಯಾಲಿಸಿಸ್‌ನಲ್ಲಿರುವವರು, ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುವ ಕಡೆ ಇಂಜೆಕ್ಷನ್ ಅಥವಾ ಹಚ್ಚೆ ಹಾಕಿಸಿಕೊಂಡವರು ಒಮ್ಮೆ ಪರೀಕ್ಷಿಸಿಕೊಳ್ಳಿ.

ದಾಸೋಹದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತು ಉಂಡರೂ ಇದು ಹರಡುವುದಿಲ್ಲ. ದಯವಿಟ್ಟು ರೋಗಿಯ ತಟ್ಟೆ ಲೋಟ ಬೇರೆ ಇಡಬೇಡಿ. ಶೇವಿಂಗ್ ಬ್ಲೇಡು, ಹಲ್ಲಿನ ಬ್ರಷ್ಷು, ಉಗುರು ಕತ್ತರಿ ಮಾತ್ರ ಬೇರೆಯಿರಲಿ.

ಹಿಂದೆ ಆರು ತಿಂಗಳಿಂದ ಒಂದು ವರ್ಷ ಇಂಟರ್‌ಫೆರಾನ್ ಇಂಜೆಕ್ಷನ್ ಪಡೆದರೂ ಸುಮಾರು ಅರ್ಧ ಜನರಿಗಷ್ಟೇ ಗುಣವಾಗುತ್ತಿತ್ತು. ಈಗ ಸೊಫೋಸ್‌ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಾಟಾಸ್ವಿರ್ ಮಾತ್ರೆಯನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ 100ರಲ್ಲಿ 95ರಷ್ಟು ಜನರಿಗೆ ವಾಸಿಯಾಗುತ್ತದೆ. ಲಿವರ್ ತೀರಾ ಕೆಟ್ಟಿದ್ದರೆ 24 ವಾರ ಬೇಕಾಗಬಹುದು. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾತ್ರೆ ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಬೇಕು. ಹೃದಯ, ಟಿ.ಬಿ., ಅಸಿಡಿಟಿಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ತಿಳಿಸಿ. ಬಂಗಾರಪೇಟೆಯಿಂದ ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ರಾತ್ರಿ ಊಟದ ಹೊತ್ತಿಗೆ ಮಾತ್ರೆ ಗೊತ್ತುಮಾಡಿಕೊಂಡರೆ ತಪ್ಪುವುದಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಇನ್ನು ಎಲ್ಲರನ್ನೂ ಗಲಿಬಿಲಿಗೊಳಿಸುವ ವಿಷಯ. ಮೊದಲು ಮಾಡುವ ಕಾರ್ಡ್ ಪರೀಕ್ಷೆ ವೈರಸ್ಸನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಗಾಯ ಮಾಗಿದರೂ ಕಲೆ ಉಳಿಯುವಂತೆ, ರೋಗ ಹೋದರೂ ಪ್ರತಿಕಾಯ ಉಳಿಯುತ್ತದೆ. ಹಾಗಾಗಿ ಗುಣವಾದವರಿಗೂ ಕಾರ್ಡ್ ‘ಪಾಸಿಟಿವ್’ ಎಂದೇ ತೋರಿಸುವುದು ಸಾಮಾನ್ಯ. ಇದನ್ನು ನೋಡಿ ಮದ್ದು ಫಲಿಸಲಿಲ್ಲವೆಂದು ನಾಟಿ ಔಷಧಿಗೆ ಓಡುವವರಿದ್ದಾರೆ, ಮಗಳ ಮದುವೆ ಮಾತನ್ನೇ ನಿಲ್ಲಿಸುವವರಿದ್ದಾರೆ. ವೈರಸ್ ಇದೆಯೋ ಇಲ್ಲವೋ ಹೇಳುವುದು ಆರ್.ಎನ್.ಎ. ಪರೀಕ್ಷೆ ಮಾತ್ರ. ಮಾತ್ರೆ ಮುಗಿದು 12 ವಾರಗಳಾದ ಮೇಲೆ ಅದನ್ನು ಮಾಡಿಸಿ. ಅದರಲ್ಲಿ ವೈರಸ್ ಕಾಣದಿದ್ದರೆ ನೀವು ಗುಣವಾಗಿದ್ದೀರಿ. ಆ ವರದಿಯ ಪ್ರತಿ ಜೋಪಾನವಾಗಿರಲಿ. ಮುಂದೆ ಯಾವುದೇ ಆಪರೇಷನ್ನಿಗೆ ಹೋದಾಗ ತೋರಿಸಿ.

ಇದಕ್ಕೆ ಲಸಿಕೆಯಿಲ್ಲ, ಹೊಸದಾಗಿ ತಗುಲಿದರೆ ಮತ್ತೆ ಬರಬಹುದು. ಲಿವರ್ ಈಗಾಗಲೇ ಗಟ್ಟಿಯಾಗಿದ್ದವರು ವೈರಸ್ ಹೋದ ಮೇಲೂ ಮದ್ಯ ಮುಟ್ಟದೆ, ಪ್ರತಿ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಬರುವಾಗ ಹಳೆಯ ಫೈಲು ತನ್ನಿ.